ಕತ್ತಿ ಹಿಡಿದ ಕಪ್ಪೆ

ಎದುರಾಳಿ ಎಂದರೆ ಯಾರು ಎಂಬುದನ್ನು ಶ್ರೀನಿವಾಸಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1978ರಿಂದ 2023ರವರೆಗಿನ ವಿಧಾನಸಭಾ ಚುನಾವಣೆಗಳಲ್ಲಿ ಅಲ್ಲಿ ಗೆದ್ದವರು ಇಬ್ಬರೇ: ಒಮ್ಮೆ ಕೆ.ಆರ್. ರಮೇಶ್ ಕುಮಾರ್, ಇನ್ನೊಮ್ಮೆ ಜಿ.ಕೆ. ವೆಂಕಟಶಿವಾರೆಡ್ಡಿ. ಜನರ ಬಾಯಲ್ಲಿ ಸ್ವಾಮಿ ಮತ್ತು ರೆಡ್ಡಿ. ಇಬ್ಬರೂ ಪಕ್ಷ ಬದಲಾಯಿಸಿದರು, ಚಿಹ್ನೆ ಬದಲಾಯಿತು, ಬ್ಯಾಲೆಟ್ ಪೇಪರ್ ಹೋಗಿ ಮಷೀನು ಬಂತು. ಎದುರುಬದುರು ನಿಲ್ಲುವ ಇಬ್ಬರು ಮಾತ್ರ ಬದಲಾಗಲಿಲ್ಲ. ಒಂದು ಸಲ ಇವರು, ಮರುಸಲ ಅವರು. 2018ರಲ್ಲಿ ಸ್ವಾಮಿಯವರೇ ಬೆನ್ನುಬೆನ್ನಿಗೆ ಇನ್ನೊಂದು ಸಲ ಗೆದ್ದಾಗ, ಅವರಿಗೇ ಓಟು ಹಾಕಿದ್ದವರು ಕೂಡ ಪಂಚಾಂಗ ತಪ್ಪಿತಲ್ಲ ಎಂದು ಸ್ವಲ್ಪ ಕಸಿವಿಸಿಗೊಂಡರಂತೆ. ಅಲ್ಲಿ ಹೆಣ್ಣು ನೋಡಲು ಹೋದರೆ ಗೋತ್ರಕ್ಕಿಂತ ಮೊದಲು ಯಾವ ಕಡೆಯವರು ಎಂದು ವಿಚಾರಿಸುತ್ತಾರೆ ಎನ್ನುತ್ತಾರೆ ನನ್ನ ಭಾವ. ಮಾವಿನ ಫಸಲಿನ ಲೆಕ್ಕ ಹೇಳುವಾಗ ಬಿಟ್ಟರೆ ಭಾವ ಸಾಮಾನ್ಯವಾಗಿ ಉತ್ಪ್ರೇಕ್ಷೆ ಮಾಡುವವರಲ್ಲ.

ಈ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗನಿಗೆ ಮೂವತ್ತು ವರ್ಷ ಹಿಂದಿನ ಜಪಾನಿ ವಿಡಿಯೋ ಗೇಮೊಂದರ ಹುಚ್ಚು ಹಿಡಿದಿದೆ. ಬೇಸಿಗೆ ರಜೆಯಲ್ಲಿ ತೋತಾಪುರಿ, ಬೇನಿಷಾ ಮರಗಳ ನಡುವೆ ಕಾವಲು ಗುಡಿಸಲು. ಅದರಲ್ಲಿ ಅವನು, ಅವನ ಕೈಯಲ್ಲಿ ಮೊಬೈಲು. ಕೋತಿಗಳು ಒಂದು ಕಡೆಯಿಂದ ಬರುತ್ತವೆ, ಇವನು ಇನ್ನೊಂದು ಯುಗದಲ್ಲಿರುತ್ತಾನೆ. ಗೇಮಿನ ಹೆಸರು ಕ್ರೋನೋ ಟ್ರಿಗರ್. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿ ಲೋಕವನ್ನು ಉಳಿಸುವ ಕತೆ. ಅವನ ವಯಸ್ಸಿನವರು ಬಂದೂಕು ಹಿಡಿದು ಓಡುವ ಆಟಗಳಲ್ಲಿ ಮುಳುಗಿರುವಾಗ ಇವನಿಗೇಕೆ ಈ ಅಜ್ಜನ ಕಾಲದ್ದು ಎಂದು ಕೇಳಿದೆ. "ಮಾವ, ಇದು ಎರಡು ಪಾರ್ಟಿಯೋರು ಸೇರ್ಕೊಂಡು ಮಾಡಿರೋ ಗೇಮು" ಎಂದ. ಶ್ರೀನಿವಾಸಪುರದವನ ಬಾಯಲ್ಲಿ ಈ ಮಾತು ಎಷ್ಟು ತೂಕದ್ದು ಎಂದು ತಿಳಿಯಲು ಮೇಲಿನ ಪೀಠಿಕೆ ಬೇಕಾಯಿತು.

ಆ ಎರಡು ಪಾರ್ಟಿಗಳು ಎನಿಕ್ಸ್ ಮತ್ತು ಸ್ಕ್ವೇರ್. ಎನಿಕ್ಸ್ ಶುರುವಾದದ್ದು ಆಟದಿಂದಲ್ಲ, ಮನೆ-ಸೈಟುಗಳ ಜಾಹೀರಾತು ಪತ್ರಿಕೆಯಿಂದ. ನರಸಾಪುರದ ಕೈಗಾರಿಕಾ ಪ್ರದೇಶ ಬಂದ ಮೇಲೆ ಕೋಲಾರದ ರಸ್ತೆಬದಿಯಲ್ಲಿ ಲೇಔಟುಗಳ ಫಲಕಗಳನ್ನು ನೋಡುತ್ತಿರುವ ನನಗೆ, ರಿಯಲ್ ಎಸ್ಟೇಟಿನವರೊಬ್ಬರು ಕೊನೆಗೆ ಮಕ್ಕಳ ಆಟಕ್ಕೆ ಇಳಿದರು ಎಂಬುದೇ ಒಂದು ಸಮಾಧಾನ. ಅದರ ಯಜಮಾನ ಯಸುಹಿರೊ ಫುಕುಶಿಮಾ ಸ್ವತಃ ಪ್ರೋಗ್ರಾಂ ಬರೆಯುವವರಲ್ಲ. ಬರೆಯುವವರನ್ನು ಹುಡುಕಲು 1982ರಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದರು. ಅದರ ಬಗ್ಗೆ ಪತ್ರಿಕೆಗೆ ಬರೆಯಬೇಕಿದ್ದ ಯೂಜಿ ಹೋರಿಯಿ ಎಂಬ ತರುಣ ತಾನೂ ಒಂದು ಟೆನಿಸ್ ಆಟ ಮಾಡಿ ಕಳಿಸಿ, ಬಹುಮಾನ ಗೆದ್ದುಬಿಟ್ಟರು. ಸಾಹಿತ್ಯ ಸಮ್ಮೇಳನದ ವರದಿಗೆ ಹೋದವನು ಕವಿಗೋಷ್ಠಿಯಲ್ಲಿ ಹಾರ ಹಾಕಿಸಿಕೊಂಡು ಬಂದಂತಾಯಿತು. ಅದೇ ಸ್ಪರ್ಧೆಯಲ್ಲಿ ಗೆದ್ದ ಇನ್ನೊಬ್ಬ ಹುಡುಗ ಕೊಯಿಚಿ ನಕಾಮುರಾ. ಪ್ರತಿಸ್ಪರ್ಧಿಗಳಾಗಿ ಪರಿಚಯವಾದ ಇವರಿಬ್ಬರೇ ಮುಂದೆ ಜೊತೆಗೂಡಿ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ತಂದರು. ಚಿತ್ರ ಬರೆದವರು ಡ್ರ್ಯಾಗನ್ ಬಾಲ್ ಕಾಮಿಕ್ಸಿನ ಅಕಿರಾ ತೋರಿಯಾಮಾ. ಸಂಗೀತ ಕೊಟ್ಟವರು ಕೊಯಿಚಿ ಸುಗಿಯಾಮಾ. ಎನಿಕ್ಸಿನ ಚದುರಂಗದ ಆಟವೊಂದನ್ನು ಆಡಿ ಅಭಿಪ್ರಾಯದ ಕಾರ್ಡು ತುಂಬಿ ಕಳಿಸಿದ್ದೇ ಅವರು ಒಳಗೆ ಬರಲು ದಾರಿಯಾಯಿತು. ಪೆಟ್ಟಿಗೆಯೊಳಗಿನ ಅಭಿಪ್ರಾಯದ ಕಾರ್ಡನ್ನು ನಮ್ಮಲ್ಲಿ ಯಾರು ತುಂಬುತ್ತಾರೆ, ತುಂಬಿದರೆ ಯಾರು ಓದುತ್ತಾರೆ!

ಸ್ಕ್ವೇರಿನ ಹುಟ್ಟು ಇಷ್ಟು ಸ್ವಾರಸ್ಯದ್ದಲ್ಲ. ವಿದ್ಯುತ್ ಕೆಲಸದ ಗುತ್ತಿಗೆ ಕಂಪನಿಯ ಮಗ್ಗುಲಲ್ಲಿ ಯಜಮಾನರ ಮಗ ತೆರೆದ ಪುಟ್ಟ ವಿಭಾಗ ಅದು. ಅಲ್ಲಿದ್ದ ಹಿರೊನೊಬು ಸಕಾಗುಚಿ 1987ರಲ್ಲಿ ಫೈನಲ್ ಫ್ಯಾಂಟಸಿ ಮಾಡಿದರು. ಅಲ್ಲಿಂದ ಜಪಾನಿನ ಹುಡುಗರಲ್ಲಿ ಎರಡು ಕಡೆ. ಡ್ರ್ಯಾಗನ್ ಕ್ವೆಸ್ಟಿನದು ಊರ ಹಿರಿಯನ ಮಾತು: ಸರಳ, ಬೆಚ್ಚಗೆ, ನಡುನಡುವೆ ತಮಾಷೆ. ಫೈನಲ್ ಫ್ಯಾಂಟಸಿಯದು ಪೇಟೆಯ ಸಿನಿಮಾ: ಕಣ್ಣೀರು, ಸಾವು, ದೊಡ್ಡ ದೊಡ್ಡ ಹಡಗುಗಳು. 1988ರ ಫೆಬ್ರವರಿಯ ಒಂದು ಬುಧವಾರ ಮೂರನೇ ಡ್ರ್ಯಾಗನ್ ಕ್ವೆಸ್ಟ್ ಅಂಗಡಿಗೆ ಬಂದಾಗ ಶಾಲೆ ತಪ್ಪಿಸಿ ಸಾಲಿನಲ್ಲಿ ನಿಂತ ಮಕ್ಕಳನ್ನು ಪೊಲೀಸರು ಹಿಡಿದರು. ಆಮೇಲೆ ಕಂಪನಿಯವರೇ ರಜಾ ದಿನ ನೋಡಿ ಬಿಡುಗಡೆ ಮಾಡತೊಡಗಿದರು.

ಇಂಥ ಸ್ಥಿತಿಯಲ್ಲಿ 1992ರಲ್ಲಿ ಸಕಾಗುಚಿ, ಹೋರಿಯಿ, ತೋರಿಯಾಮಾ ಮೂವರೂ ಕಂಪ್ಯೂಟರ್ ಗ್ರಾಫಿಕ್ಸ್ ನೋಡಿಕೊಂಡು ಬರಲು ಒಟ್ಟಿಗೆ ಅಮೆರಿಕಕ್ಕೆ ಹೋದರು. ಪರವೂರಿನಲ್ಲಿ ಎದುರುಪಾರ್ಟಿಯವನು ಸಿಕ್ಕರೆ ಅವನೇ ಅಣ್ಣ, ಅವನೇ ತಮ್ಮ. ನಮ್ಮವರೂ ತಿರುಪತಿಯ ಕ್ಯೂನಲ್ಲಿ ಅಕ್ಕಪಕ್ಕ ಸಿಕ್ಕಿದಾಗ "ಓ, ಬನ್ರೀ" ಎಂದು ಪುಳಿಯೋಗರೆ ಹಂಚಿಕೊಂಡು, ನಂಗಲಿ ಚೆಕ್‌ಪೋಸ್ಟ್ ದಾಟಿ ಮುಳಬಾಗಿಲು ಬರುವಷ್ಟರಲ್ಲಿ ಮತ್ತೆ ಮುಖ ತಿರುಗಿಸುತ್ತಾರೆ. ಆ ಮೂವರು ಮಾತ್ರ ಊರಿಗೆ ಬಂದ ಮೇಲೂ ಮಾತು ಬಿಡಲಿಲ್ಲ. ಯಾರೂ ಮಾಡದ್ದೊಂದನ್ನು ಮಾಡೋಣ ಎಂದುಕೊಂಡರು. ಸ್ಕ್ವೇರಿನ ಕಜುಹಿಕೊ ಅವೋಕಿ ನಿರ್ಮಾಪಕರಾದರು; ಕೂಟಕ್ಕೆ ಕನಸಿನ ತಂಡ ಎಂಬ ಹೆಸರು ಬಿತ್ತು. 1995ರ ಮಾರ್ಚ್ 11ರಂದು ಆಟ ಹೊರಬಂತು. ಜಪಾನೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಖರ್ಚಾದವು. ಆ ಕ್ಯಾಸೆಟ್ಟಿನಲ್ಲಿದ್ದ ಜಾಗ ಬರೀ 4 ಎಂಬಿ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ನಮ್ಮ ಬಂಧುಗಳು ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ವಿಡಿಯೋ ಅದಕ್ಕಿಂತ ದೊಡ್ಡದು.

ಮೂರು ದೊಡ್ಡ ಹೆಸರುಗಳಿವೆಯಲ್ಲ, ನಿಜವಾಗಿ ಕೂತು ಕೆಲಸ ಮಾಡಿದವರು ಯಾರು? ಈ ಪ್ರಶ್ನೆ ನನಗೆ ತಾನಾಗಿ ಬಂತು. ಮದುವೆ ಪತ್ರಿಕೆಯ ಮೇಲೆ ಹಿರಿಯರ ಹೆಸರು, ಚಪ್ಪರ ಹಾಕುವವರು ಬೇರೆ ಎಂಬುದು ಗೊತ್ತಿದ್ದದ್ದೇ. ಹೋರಿಯಿ ಕತೆಯ ಎಳೆ ಕೊಟ್ಟರು, ತೋರಿಯಾಮಾ ಪಾತ್ರಗಳಿಗೆ ಮುಖ ಕೊಟ್ಟರು. ಆಗ ಅವರು ಡ್ರ್ಯಾಗನ್ ಬಾಲ್ ಅನ್ನು ವಾರವಾರವೂ ಬರೆಯುತ್ತಲೇ ಇದ್ದರು ಎಂಬುದನ್ನು ನೆನೆದರೆ ನನಗೆ ಕೈ ನೋಯುತ್ತದೆ. ದೃಶ್ಯ ದೃಶ್ಯವನ್ನೂ ಕಟ್ಟಿದವರು ಸ್ಕ್ವೇರಿನ ಕಿರಿಯರು: ತಕಾಶಿ ತೊಕಿಟಾ, ಯೊಶಿನೊರಿ ಕಿತಾಸೆ, ಅಕಿಹಿಕೊ ಮತ್ಸುಯಿ ನಿರ್ದೇಶಕರು, ಬರವಣಿಗೆಯ ಬಹುಭಾಗ ಮಸಾಟೊ ಕಾಟೊ ಅವರದು. ಇವರಿಗೆಲ್ಲ ಎದುರುಮನೆಯ ಹಿರಿಯರು ನೋಡುತ್ತಿದ್ದಾರೆ ಎಂಬ ಭಯ ಇದ್ದೇ ಇತ್ತು. ಮನೆಯವರ ಮುಂದೆ ಹೇಗೋ ನಡೆಯುತ್ತದೆ, ನೆಂಟರ ಮುಂದೆ ಹಾಗಲ್ಲ.

ಎಲ್ಲರಿಗಿಂತ ನನಗೆ ಇಷ್ಟವಾದವನು ಯಸುನೊರಿ ಮಿತ್ಸುಡಾ. ಸ್ಕ್ವೇರಿನಲ್ಲಿ ಕತ್ತಿಯ ಸದ್ದು, ಬಾಗಿಲಿನ ಸದ್ದು ಮಾಡಿಕೊಂಡಿದ್ದ ಹುಡುಗ. ಒಂದು ದಿನ ಸಕಾಗುಚಿಯವರ ಮುಂದೆ ಹೋಗಿ, ರಾಗ ಹಾಕಲು ಬಿಡಿ, ಇಲ್ಲದಿದ್ದರೆ ಕೆಲಸ ಬಿಡುತ್ತೇನೆ ಎಂದ. ನಮ್ಮ ಯಾವ ಕಚೇರಿಯಲ್ಲಾದರೂ ಈ ಮಾತು ಆಡಿದ್ದರೆ ಎರಡನೆಯ ಅರ್ಧವನ್ನು ಮಾತ್ರ ತಕ್ಷಣ ಮಂಜೂರು ಮಾಡುತ್ತಿದ್ದರು. ಸಕಾಗುಚಿ ಕಂಪನಿಯ ಅತಿ ದೊಡ್ಡ ಆಟವನ್ನೇ ಅವನ ಕೈಗಿಟ್ಟರು. ಮಿತ್ಸುಡಾ ಸ್ಟುಡಿಯೋದಲ್ಲೇ ಮಲಗಿದ, ಕನಸಿನಲ್ಲಿ ರಾಗ ಕೇಳಿಸಿಕೊಂಡ. ಹಾರ್ಡ್ ಡಿಸ್ಕ್ ಕೆಟ್ಟು ಸುಮಾರು ನಲವತ್ತು ಕರಡು ರಾಗಗಳು ಹೋದವು. ಕೊನೆಗೆ ಹೊಟ್ಟೆಹುಣ್ಣಾಗಿ ಆಸ್ಪತ್ರೆ ಸೇರಿದ. ಉಳಿದದ್ದನ್ನು ಫೈನಲ್ ಫ್ಯಾಂಟಸಿಯ ನೊಬುವೊ ಉಯೆಮಾತ್ಸು ಬಂದು ಮುಗಿಸಿಕೊಟ್ಟರು. ಆ ರಾಗಗಳನ್ನು ಅಕ್ಕನ ಮಗ ನನಗೆ ಕೇಳಿಸಿದ್ದಾನೆ. ಗಾಳಿಯ ಮೇಲೊಂದಿದೆ, ಅದನ್ನು ಕೇಳುತ್ತ ಅಂತರಗಂಗೆಯ ಬೆಟ್ಟದ ಮೆಟ್ಟಿಲು ಹತ್ತಿದರೆ ಮಂಡಿಯ ನೋವು ಸ್ವಲ್ಪ ಮರೆಯುತ್ತದೆ.

ಈ ಆಟ ಶುರುವಾಗುವುದೇ ಒಂದು ಜಾತ್ರೆಯಲ್ಲಿ. ರಾಜ್ಯಕ್ಕೆ ಸಾವಿರ ವರ್ಷ ತುಂಬಿದ ಉತ್ಸವ. ಗಂಟೆ, ಅಂಗಡಿ, ಪಂದ್ಯ, ಕುಣಿತ. ಶಿವರಾತ್ರಿಯ ಹೊತ್ತಿನ ಆವನಿ ಜಾತ್ರೆ ನೋಡಿದವರಿಗೆ ಕೊರತೆ ಎನಿಸುವುದು ದನಗಳದ್ದು ಮಾತ್ರ. ಈ ಜಾತ್ರೆಯಲ್ಲಿ ಒಂದು ಮೇಜಿನ ಮೇಲೆ ಒಂದು ಊಟದ ಗಂಟು ಇರುತ್ತದೆ. ಒತ್ತಿದರೆ ನಿಮ್ಮ ನಾಯಕ ಅದನ್ನು ತಿಂದುಬಿಡುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ಒಂದು ಮಧ್ಯಾಹ್ನ ಭಾವ, ಅದೇನೋ ನೋಡೋಣ ಕೊಡು ಎಂದು ಮಗನ ಕೈಯಿಂದ ಮೊಬೈಲ್ ತೆಗೆದುಕೊಂಡು, ಜಾತ್ರೆಯಲ್ಲಿ ಎಲೆ ಹಾಕಿದ್ದಾರೆ ಎಂದೇ ಭಾವಿಸಿ ಗಂಟನ್ನು ಮುಗಿಸಿದರು. ಒಂದು ಹುಡುಗಿ ಕಳೆದುಹೋದ ಬೆಕ್ಕು ಹುಡುಕಿಕೊಡಿ ಎಂದಳು. ಮಾವಿನ ಸೀಸನ್ನಿನಲ್ಲಿ ಬೆಕ್ಕು ಹುಡುಕುವ ಕಾಲವೇ ಎಂದು ಮುಂದೆ ಹೋದರು. ಗಂಟೆಗಟ್ಟಲೆ ಆದಮೇಲೆ, ಯುಗವೊಂದನ್ನು ದಾಟಿ ಹಿಂದಿರುಗಿದಾಗ ನಾಯಕನನ್ನು ಹಿಡಿದು ಕೋರ್ಟಿಗೆ ನಿಲ್ಲಿಸುತ್ತಾರೆ. ಯುವರಾಣಿಯನ್ನು ಅಪಹರಿಸಿದ ಆರೋಪ. ಅಲ್ಲಿ ನಿಮ್ಮ ನಡತೆಗೆ ಸಾಕ್ಷಿ ಹೇಳಲು ಬರುವವನು ಆ ಊಟದ ಗಂಟಿನ ಮುದುಕ! ಪಂಚರು ಒಬ್ಬೊಬ್ಬರಾಗಿ ಎಡಕ್ಕೋ ಬಲಕ್ಕೋ ಹೋಗಿ ನಿಲ್ಲುತ್ತಾರೆ. "ಇದನ್ನೆಲ್ಲ ಬರ್ಕೊಂಡಿದ್ದೋರು ಯಾರು?" ಎಂದು ಭಾವ ಕೆರಳಿದರು. ಮೇಲ್ಮನವಿ ಹಾಕೋದು ಯಾವ ಬಟನ್ ಎಂದರು. ಬಟನ್ ಇಲ್ಲ ಎಂದ ಮಗ. ಜಪಾನಿನ ನ್ಯಾಯಾಂಗದ ಮೇಲೆ ಅವರಿಗೆ ಅಂದಿನಿಂದ ವಿಶ್ವಾಸವಿಲ್ಲ.

ಇದು ನನಗೆ ಹೋರಿಯಿಯವರ ಕಡೆಯ ಬುದ್ಧಿ ಎನಿಸುತ್ತದೆ. ಸಣ್ಣ ಊರಿನ ಕುಚೋದ್ಯ. ಮೊದಲರ್ಧದಲ್ಲಿ ಕಾಣುವ ಹಳ್ಳಿ, ಹೋಟೆಲು, ಅಡಿಗೆಮನೆ ಅವರ ಧಾಟಿಯದು; 1999ರಲ್ಲಿ ನೆಲ ಸೀಳಿಕೊಂಡು ಲೋಕ ಬೂದಿಯಾಗುವ ದೃಶ್ಯ ಸ್ಕ್ವೇರಿನ ಧಾಟಿಯದು. ಎರಡರ ಹೊಲಿಗೆ ಎಲ್ಲಿದೆ ಎಂದು ಹುಡುಕುವುದೇ ನನಗೊಂದು ಆಟವಾಗಿತ್ತು, ಕುರುಡುಮಲೆಗೆ ಹೋಗಿಬಂದ ಮೇಲಂತೂ ಹೆಚ್ಚಾಯಿತು.

ಮುಳಬಾಗಿಲಿನ ಹತ್ತಿರದ ಕುರುಡುಮಲೆಯಲ್ಲಿ 13 ಅಡಿಗೂ ಎತ್ತರದ ಸಾಲಿಗ್ರಾಮ ಶಿಲೆಯ ಗಣಪನಿದ್ದಾನೆ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಬಂದು ಅವನ ಮುಂದೆಯೇ ಪ್ರಚಾರ ಶುರುಮಾಡುವುದರಿಂದ ಅವನು ಯಾವ ಕಡೆಯವನು ಎಂದು ಈವರೆಗೆ ಗೊತ್ತಾಗಿಲ್ಲ. ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಊರೊಳಗೆ ಇನ್ನೊಂದು ಗುಡಿಯಿದೆ, ಸೋಮೇಶ್ವರನದು. ಅದರ ಒಂದರ್ಧವನ್ನು ಜಕಣಾಚಾರಿ ಕಟ್ಟಿದ, ಇನ್ನೊಂದರ್ಧವನ್ನು ಮಗ ಡಂಕಣಾಚಾರಿ ಕಟ್ಟಿದ ಎಂದು ಅಲ್ಲಿಯವರು ಹೇಳುತ್ತಾರೆ. ಬೇಲೂರಿನ ಕತೆ ಗೊತ್ತಲ್ಲ: ತಂದೆ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಹುಡುಗ, ಬಳಿದ ಗಂಧ ಹೊಕ್ಕುಳಲ್ಲಿ ಮಾತ್ರ ಒಣಗಲಿಲ್ಲ, ಒಳಗಿಂದ ನೀರೂ ಕಪ್ಪೆಯೂ ಬಂದವು. ಆ ಕತೆಯಲ್ಲಿ ಮಗ ಎದುರಾಳಿ. ಕುರುಡುಮಲೆಯ ಕತೆಯಲ್ಲಿ ಪಾಲುದಾರ. ಇತಿಹಾಸಕಾರರು ಜಕಣಾಚಾರಿಯನ್ನೇ ಒಪ್ಪುವುದಿಲ್ಲ, ಇನ್ನು ಮಗನ ಮಾತೆಲ್ಲಿ. ಆದರೂ ಎರಡು ಪಾಲಿನ ಕೆತ್ತನೆಯನ್ನು ತೋರಿಸಿ, ಮಗನದೇ ನಾಜೂಕು ಎಂದು ಅಲ್ಲಿಯವರು ತೀರ್ಪು ಕೊಡುವಾಗ ಕೇಳಬೇಕು. ಎಷ್ಟೋ ಶತಮಾನ ಕಳೆದರೂ ಪಂದ್ಯದ ಫಲಿತಾಂಶಕ್ಕೆ ಅವರಲ್ಲಿ ಇನ್ನೂ ಬಿಸಿಯಿದೆ.

ಕಪ್ಪೆಯ ಮಾತು ಬಂತು. ಕ್ರೋನೋ ಟ್ರಿಗರಿನಲ್ಲೂ ಒಂದು ಕಪ್ಪೆಯಿದೆ. ಹಸಿರು ಮೈ, ಹೆಗಲಿಗೆ ಹೊದಿಕೆ, ಕೈಯಲ್ಲಿ ಉದ್ದನೆಯ ಕತ್ತಿ. ತೋರಿಯಾಮಾ ಬರೆದ ಚಿತ್ರಗಳಲ್ಲಿ ನನಗೆ ಅತಿ ಪ್ರಿಯವಾದದ್ದು. ಅವನು ಹುಟ್ಟು ಕಪ್ಪೆಯಲ್ಲ, ಗ್ಲೆನ್ ಎಂಬ ಯೋಧ. ಮಾಂತ್ರಿಕ ಮೇಗಸ್ ಅವನ ಗೆಳೆಯನನ್ನು ಕೊಂದು ಇವನನ್ನು ಹೀಗೆ ಮಾಡಿದ. ಈ ಆಟದ ಹೊಸತೇನೆಂದರೆ ಇಬ್ಬರು ಪಾತ್ರಗಳು ತಮ್ಮ ತಮ್ಮ ವರಸೆಗಳನ್ನು ಕೂಡಿಸಿ ಜೋಡಿ ಹೊಡೆತ ಹೊಡೆಯಬಹುದು. ನಾಯಕ ಒಂದು ಕಡೆಯಿಂದ, ಕಪ್ಪೆ ಇನ್ನೊಂದು ಕಡೆಯಿಂದ ಓಡಿಬಂದು ಒಂದೇ ಏಟಿಗೆ ಅಡ್ಡಡ್ಡ ಸೀಳುತ್ತಾರೆ. ಒಬ್ಬೊಬ್ಬರೇ ಹೊಡೆದರೆ ಇಷ್ಟು ಪೆಟ್ಟು ಬೀಳುವುದಿಲ್ಲ. ಮುಂದೆ ಒಂದು ಬಂಡೆಯ ತುದಿಯಲ್ಲಿ ಮೇಗಸ್ ಸಿಗುತ್ತಾನೆ. ಹೊಡೆದು ಹಗೆ ತೀರಿಸಿಕೊಳ್ಳಬಹುದು, ಅಥವಾ ನಮ್ಮ ಪಾರ್ಟಿಗೆ ಸೇರಿಸಿಕೊಳ್ಳಬಹುದು, ಆಯ್ಕೆ ಆಡುವವರದು. ಸೇರಿಸಿಕೊಂಡರೆ ಕಪ್ಪೆಯೂ ಅವನೂ ಒಂದೇ ಸಾಲಿನಲ್ಲಿ ನಡೆಯುತ್ತಾರೆ. ಆದರೆ ಮೇಗಸ್ ಯಾರೊಂದಿಗೂ ಜೋಡಿ ಹೊಡೆತ ಹೊಡೆಯುವುದಿಲ್ಲ. ಅವನಿಗೆ ಆ ವಿದ್ಯೆಯನ್ನೇ ಇಟ್ಟಿಲ್ಲ. ಬೇರೆ ಪಕ್ಷದಿಂದ ಬಂದ ನಾಯಕರನ್ನು ವೇದಿಕೆಯ ಮೇಲೆ ನೋಡಿದವರು ಯಾರೋ ಇದನ್ನು ಬರೆದಿರಬೇಕು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಆಟದಲ್ಲೊಂದು ಮರಳುಗಾಡು ಬರುತ್ತದೆ. ಅದನ್ನು ಹಸಿರು ಮಾಡಬೇಕೆಂದು ಒಬ್ಬ ಹೆಂಗಸು ಒದ್ದಾಡುತ್ತಿರುತ್ತಾಳೆ. ನಮ್ಮ ತಂಡದ ರೋಬೋ ಅಲ್ಲೇ ಉಳಿದು, ಉಳಿದವರು ಒಂದು ಕ್ಷಣದಲ್ಲಿ ಹಾರಿ ದಾಟುವ ನಾಲ್ಕು ನೂರು ವರ್ಷಗಳನ್ನು ನೆಲ ಉಳುತ್ತಾ ಗಿಡ ನೆಡುತ್ತಾ ಕಳೆಯುತ್ತಾನೆ. ಮರಳಿ ಬಂದು ನೋಡಿದರೆ ಕಾಡು. ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆದು, ಪೈಪಿನ ಬಾಯಿಗೆ ಕಿವಿಯಿಟ್ಟು ಕೂತವರ ಜಿಲ್ಲೆ ನಮ್ಮದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಟ್ಟಾಗ, ನೀರು ಕಂಡ ಸಂತೋಷವೂ ಅದು ಎಂಥ ನೀರು ಎಂಬ ಜಗಳವೂ ಒಟ್ಟಿಗೇ ತುಂಬಿದವು. ಭಾವ ಇಡೀ ಆಟದಲ್ಲಿ ಮೆಚ್ಚಿದ್ದು ಆ ರೋಬೋ ಒಬ್ಬನನ್ನೇ. ಕೂಲಿ ಎಷ್ಟು ಕೇಳುತ್ತಾನೆ ಎಂದೂ ವಿಚಾರಿಸಿದರು.

ಎದುರಾಳಿಗಳು ಹೀಗೆ ಜೊತೆಗೂಡುವುದು ನಮ್ಮಲ್ಲಿಲ್ಲವೇ ಎಂದರೆ, ಇದೆ. ಮಾಲೂರು ಕಡೆಯ ಹಳ್ಳಿಯೊಂದರಲ್ಲಿ ಕುರುಕ್ಷೇತ್ರ ನಾಟಕ ನೋಡಿದ್ದೇನೆ. ಊರಲ್ಲಿ ಎರಡು ಪಾರ್ಟಿ, ಗ್ರಾಮ ಪಂಚಾಯಿತಿಯಲ್ಲಿ ಮೈಕು ಮುರಿಯುವಷ್ಟು ಪ್ರೀತಿ. ಆದರೆ ಸೀನರಿ, ಡ್ರೆಸ್ಸು, ಲೈಟಿಂಗು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು, ಎರಡು ಮೂರು ತಿಂಗಳು ತಾಲೀಮು ಕೊಡುವ ಹಾರ್ಮೋನಿಯಂ ಮೇಷ್ಟ್ರು, ಇಷ್ಟನ್ನು ಒಂದೇ ಪಾರ್ಟಿಯ ಕಿಸೆ ತಡೆಯುವುದಿಲ್ಲ. ಪಾತ್ರಕ್ಕಿಷ್ಟು ಎಂದು ದುಡ್ಡು ಕಟ್ಟಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಜಾಸ್ತಿ. ಎರಡೂ ಕಡೆಯವರಿಗೆ ಕೃಷ್ಣ ಬೇಕಾದರೆ ಮೊದಲನೇ ಕೃಷ್ಣ, ಎರಡನೇ ಕೃಷ್ಣ ಎಂದು ಅಂಕ ಹಂಚುತ್ತಾರೆ. ನಾನು ನೋಡಿದ ರಾತ್ರಿ ಒಂದು ಪಾರ್ಟಿಯ ಯಜಮಾನರು ದುರ್ಯೋಧನ, ಇನ್ನೊಂದರವರು ಭೀಮ. ಗದೆ ಹಿಡಿದು ಎದುರಾದಾಗ ಇಬ್ಬರ ಕಂದಪದ್ಯವೂ ಏರುತ್ತಲೇ ಹೋಯಿತು, ಯಾರೂ ಇಳಿಯಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ನೀರು ಕುಡಿದರು. ಬೆಳಗಿನ ಜಾವ ದುರ್ಯೋಧನನ ತೊಡೆಗೆ ಬಿದ್ದ ಪೆಟ್ಟಿನಲ್ಲಿ ಪಂಚಾಯಿತಿಯ ಹಳೆಯ ಬಾಕಿಯೂ ಸೇರಿತ್ತು ಎಂದು ಪಕ್ಕದಲ್ಲಿದ್ದವರು ಹೇಳಿದರು. ಅಂಥ ಗದಾಯುದ್ಧವನ್ನು ನಾನು ವೃತ್ತಿ ಕಂಪನಿಯ ನಾಟಕದಲ್ಲೂ ಕಂಡಿಲ್ಲ.

ಹಾಗಾದರೆ ಸ್ಕ್ವೇರ್, ಎನಿಕ್ಸ್ ಮತ್ತೆ ಏಕೆ ಇಂಥದ್ದೊಂದನ್ನು ಮಾಡಲಿಲ್ಲ? 1999ರಲ್ಲಿ ಸ್ಕ್ವೇರಿನವರು ಕ್ರೋನೋ ಕ್ರಾಸ್ ಎಂದು ತಂದರು. ಕಾಟೊ ಇದ್ದರು, ಮಿತ್ಸುಡಾ ಇದ್ದರು, ಸಂಗೀತ ಇನ್ನೂ ಚೆನ್ನಾಗಿತ್ತು. ಹೋರಿಯಿ, ತೋರಿಯಾಮಾ ಇರಲಿಲ್ಲ, ಜಾತ್ರೆಯ ಕುಚೋದ್ಯವೂ ಇರಲಿಲ್ಲ. ಆಮೇಲೆ ಸ್ಕ್ವೇರ್ ಸಿನಿಮಾಕ್ಕೆ ಕೈ ಹಾಕಿತು. 2001ರಲ್ಲಿ ಬಂದ ಫೈನಲ್ ಫ್ಯಾಂಟಸಿ ಚಿತ್ರ ಕಂಪನಿಯ ಬೆನ್ನು ಮುರಿಯಿತು. 2003ರ ಏಪ್ರಿಲ್ 1ರಂದು ಎರಡು ಕಂಪನಿಗಳೂ ವಿಲೀನವಾಗಿ ಸ್ಕ್ವೇರ್ ಎನಿಕ್ಸ್ ಆದವು. ತಾರೀಖು ನೋಡಿ ಎಷ್ಟು ಜನ ನಂಬಲಿಲ್ಲವೋ. ಎರಡು ಮನೆಗೂ ಈಗ ಒಂದೇ ಬಾಗಿಲು, ಬಾಡಿಗೆ ಒಂದೇ, ಲೆಕ್ಕ ಒಂದೇ. ಯಾರ ಅಪ್ಪಣೆಯೂ ಬೇಡ, ಬೇಕಾದರೆ ನಾಳೆಯೇ ಮಾಡಬಹುದಿತ್ತು. ಮಾಡಿದ್ದು ಹಳೆಯದನ್ನೇ ಹೊಸ ಯಂತ್ರಗಳಿಗೆ ಇಳಿಸಿ ಮಾರುವ ಕೆಲಸ: 2008ರಲ್ಲಿ ಕೈಯಲ್ಲಿ ಹಿಡಿದು ಆಡುವ ಡಿಎಸ್‌ಗೆ, ಆಮೇಲೆ ಮೊಬೈಲಿಗೆ, 2018ರಲ್ಲಿ ಕಂಪ್ಯೂಟರಿಗೆ. ತೋರಿಯಾಮಾ 2024ರಲ್ಲಿ ತೀರಿಕೊಂಡರು. ಬೇರೆಬೇರೆಯಾಗಿದ್ದಾಗ ಒಂದು ಸಲ ಆದದ್ದು ಒಂದಾದ ಮೇಲೆ ಆಗಲೇ ಇಲ್ಲ. ಕಂಪನಿ ನಡೆಸುವವರು ಬೇರೆ ಕಾರಣಗಳನ್ನು ಹೇಳಬಹುದು. ನನಗನ್ನಿಸುವುದು ಇಷ್ಟು: ಎದುರುಮನೆಯವರು ನೋಡುತ್ತಿದ್ದಾರೆ ಎಂಬ ಭಯ ಹೋಯಿತು.

ಮಾಲೂರು ಕಡೆಯ ಆ ಊರಿನಲ್ಲೂ ಹೀಗೇ ಆಗಿದೆ. ಹಿಂದಿನ ಚುನಾವಣೆಗೆ ಮುಂಚೆ ದುರ್ಯೋಧನನ ಕಡೆಯವರೆಲ್ಲ ಭೀಮನ ಪಾರ್ಟಿಗೆ ಸೇರಿಬಿಟ್ಟರು. ಈಗ ಊರಲ್ಲಿ ಒಂದೇ ಪಾರ್ಟಿ, ಮೈಕು ಮುರಿಯುವುದಿಲ್ಲ, ಸಭೆಗಳು ಟೀ ಬಿಸ್ಕತ್ತಿನಲ್ಲಿ ಮುಗಿಯುತ್ತವೆ. ನಾಟಕ ನಿಂತಿದೆ. ಈ ಸಲ ಜಾತ್ರೆಗೆ ಆರ್ಕೆಸ್ಟ್ರಾ ಕರೆಸಿದರಂತೆ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಆ ಹಾರ್ಮೋನಿಯಂ ಮೇಷ್ಟ್ರು ಸಿಕ್ಕಿದ್ದರು. ಕೆಲಸ ಕಡಿಮೆಯಾಯಿತೇ ಸಾರ್ ಎಂದು ಕೇಳಿದೆ. "ಇಲ್ಲ ಸ್ವಾಮಿ, ಪಕ್ಕದೂರಲ್ಲಿ ತಾಲೀಮು ಶುರುವಾಗಿದೆ. ಡೈರಿ ಎಲೆಕ್ಷನ್ನಲ್ಲಿ ಗಲಾಟೆಯಾಗಿ ಊರು ಚೆನ್ನಾಗಿ ಎರಡಾಗಿದೆ, ಈ ಸಲ ಮೂರು ಜನ ಕೃಷ್ಣ" ಎಂದು ಹೇಳಿ, ಮಾಲೂರು ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಲು ಓಡಿದರು.